ಶಿಕ್ಷಕರ ಅರ್ಹತೆ ಮತ್ತು ವೃತ್ತಿ ನಡತೆ: ಗ್ರಾಮ ಪಂಚಾಯತ್ ಸದಸ್ಯರು ತಿಳಿದಿರಬೇಕಾದ ಕಾನೂನು ಪದಗಳು

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಗ್ರಾಮ ಪಂಚಾಯತ್ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಮಾಹಿತಿಗಾಗಿ)



ಗ್ರಾಮ ಸಭೆ ಹಾಗೂ ಮಕ್ಕಳ ಗ್ರಾಮ ಸಭೆಗಳಲ್ಲಿ ಶಾಲೆಯ ಕಟ್ಟಡ, ಕುಡಿಯುವ ನೀರು, ಶೌಚಾಲಯಗಳಷ್ಟೇ ಶಿಕ್ಷಕರ ವಿಷಯವೂ ಚರ್ಚೆಗೆ ಬರುತ್ತದೆ. "ನಮ್ಮ ಶಾಲೆಯ ಟೀಚರ್‌ಗೆ ಅರ್ಹತೆ ಇದೆಯೇ?", "ಮಾಸ್ಟ್ರು ಸಮಯಕ್ಕೆ ಬರುವುದಿಲ್ಲ, ಅವರನ್ನು ವಜಾ ಮಾಡಿಸಿ", "ಟಿಇಟಿ ಆಗಿದೆ, ನಮ್ಮ ಊರಿನ ಹುಡುಗಿಗೇ ಕೆಲಸ ಕೊಡಿಸಿ" ಎಂಬ ಮಾತುಗಳು ಸದಸ್ಯರಿಗೆ ಹೊಸತಲ್ಲ. ಇಂತಹ ಚರ್ಚೆಯ ಕೊನೆಗೆ ಒಂದು ನಿರ್ಣಯ ಬರೆಯಲಾಗುತ್ತದೆ. ನಿರ್ಣಯದಲ್ಲಿ ಬಳಸಿದ ಪದವು ಕಾನೂನಿನ ಪದಕ್ಕೆ ಹೊಂದದಿದ್ದರೆ, ಸ್ವೀಕರಿಸಿದ ಕಚೇರಿಯು "ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಹಿಂಬರಹ ನೀಡಿ ಕಡತವನ್ನು ಮುಕ್ತಾಯಗೊಳಿಸುತ್ತದೆ. ಮಗುವಿನ ಕಷ್ಟ ಹಾಗೆಯೇ ಉಳಿಯುತ್ತದೆ. ಕೆಲವೊಮ್ಮೆ ಇದಕ್ಕೆ ವಿರುದ್ಧವಾದುದೂ ಸಂಭವಿಸುತ್ತದೆ: ತಪ್ಪು ಮಾಡದ ಶಿಕ್ಷಕರ ಹೆಸರು ನಡಾವಳಿ ಪುಸ್ತಕದಲ್ಲಿ ಶಾಶ್ವತವಾಗಿ ಕಳಂಕಿತವಾಗುತ್ತದೆ.

ಆದುದರಿಂದ ಶಿಕ್ಷಕರ ಅರ್ಹತೆ ಮತ್ತು ವೃತ್ತಿ ನಡತೆಗೆ ಸಂಬಂಧಿಸಿದ ಮುಖ್ಯ ಕಾನೂನು ಪದಗಳನ್ನು ಇಲ್ಲಿ ವಿವರಿಸಲಾಗಿದೆ. ಒಂದು ಸಂಗತಿಯನ್ನು ಆರಂಭದಲ್ಲೇ ಗಮನಿಸಬೇಕು. ಅರ್ಹತೆ, ಆಯ್ಕೆ, ಸೇವೆ ಮತ್ತು ಶಿಸ್ತು ಇವು ನಾಲ್ಕು ಪ್ರತ್ಯೇಕ ವಿಷಯಗಳು. ನಾಲ್ಕಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಪ್ರಾಧಿಕಾರಗಳಿವೆ. ದೂರು ಯಾವ ವಿಷಯಕ್ಕೆ ಸೇರಿದ್ದೆಂದು ಗುರುತಿಸಿದರೆ ಯಾವ ಕಚೇರಿಗೆ ಬರೆಯಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

1. ಮಾನ್ಯತೆ ಮತ್ತು ಸಂಯೋಜನೆ

ಈ ಎರಡು ಪದಗಳು ಶಿಕ್ಷಕರಿಗಲ್ಲ, ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗೆ ಅನ್ವಯಿಸುತ್ತವೆ. ಡಿ.ಎಲ್.ಇಡಿ., ಬಿ.ಇಡಿ. ಮುಂತಾದ ಕೋರ್ಸುಗಳನ್ನು ನಡೆಸಲು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ ನೀಡುವ ಅನುಮತಿಯೇ ಮಾನ್ಯತೆ. 1993ರ ಕಾಯ್ದೆಯ ಅಡಿಯಲ್ಲಿ ಈ ಪರಿಷತ್ತು 1995ರಲ್ಲಿ ಅಸ್ತಿತ್ವಕ್ಕೆ ಬಂದಿತು. ಪರೀಕ್ಷೆ ನಡೆಸಿ ಪದವಿ ನೀಡುವ ವಿಶ್ವವಿದ್ಯಾನಿಲಯದೊಂದಿಗೆ ಕಾಲೇಜಿಗಿರುವ ಸಂಬಂಧವೇ ಸಂಯೋಜನೆ. ಎನ್‌ಸಿಟಿಇ ಮಾನ್ಯತೆಯಿಲ್ಲದ ಸಂಸ್ಥೆಗೆ ವಿಶ್ವವಿದ್ಯಾನಿಲಯವು ಸಂಯೋಜನೆ ನೀಡುವಂತಿಲ್ಲ.

ಉಜಿರೆ, ಮೂಡುಬಿದಿರೆಗಳಂತಹ ವಿದ್ಯಾಕೇಂದ್ರಗಳು ಸಮೀಪದಲ್ಲಿರುವುದರಿಂದ ನಮ್ಮ ತಾಲೂಕುಗಳ ಅನೇಕ ಯುವತಿಯರು, ಯುವಕರು ಊರಿನಲ್ಲಿದ್ದುಕೊಂಡೇ ಶಿಕ್ಷಕ ತರಬೇತಿ ಪಡೆಯುತ್ತಾರೆ. ಆದರೆ "ಹಾಜರಾತಿ ಬೇಡ, ಪ್ರಮಾಣಪತ್ರ ಖಚಿತ" ಎಂದು ಹೊರರಾಜ್ಯದ ಸಂಸ್ಥೆಗಳ ಹೆಸರಿನಲ್ಲಿ ಆಮಿಷ ಒಡ್ಡುವವರೂ ಇದ್ದಾರೆ. ಮಾನ್ಯತೆಯಿಲ್ಲದೆ ನಡೆಸಿದ, ಅಥವಾ ಮಾನ್ಯತೆ ಹಿಂಪಡೆದ ಆದೇಶ ಜಾರಿಗೆ ಬಂದ ನಂತರ ನಡೆಸಿದ ಕೋರ್ಸಿನ ಪ್ರಮಾಣಪತ್ರವು ಸರ್ಕಾರಿ ಅಥವಾ ಅನುದಾನಿತ ಶಾಲೆಯ ಉದ್ಯೋಗಕ್ಕೆ ಸಿಂಧುವಲ್ಲವೆಂದು ಕಾಯ್ದೆಯ ಕಲಂ 17 ಹೇಳುತ್ತದೆ. ಶುಲ್ಕ ಕಟ್ಟುವ ಮೊದಲೇ ಎನ್‌ಸಿಟಿಇ ಜಾಲತಾಣದಲ್ಲಿ ಸಂಸ್ಥೆಯ ಮಾನ್ಯತೆಯನ್ನು ಪರಿಶೀಲಿಸುವಂತೆ ಸದಸ್ಯರು ತಮ್ಮ ವಾರ್ಡಿನ ಕುಟುಂಬಗಳಿಗೆ ತಿಳಿಸಿದರೆ ಅವರ ಎರಡು ವರ್ಷದ ಶ್ರಮ ಮತ್ತು ಹಣ ಉಳಿಯುತ್ತದೆ.

2. ಕನಿಷ್ಠ ಅರ್ಹತೆ

2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಕಾಯ್ದೆ, 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ಕಲಂ 23ರ ಪ್ರಕಾರ 1ರಿಂದ 8ನೇ ತರಗತಿವರೆಗಿನ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿಪಡಿಸುವ ಅಧಿಕಾರ ಎನ್‌ಸಿಟಿಇಗೆ ಸೇರಿದೆ. 2010ರ ಆಗಸ್ಟ್ 23ರ ಅಧಿಸೂಚನೆಯ ಸಾರಾಂಶ ಹೀಗಿದೆ:

• 1ರಿಂದ 5ನೇ ತರಗತಿ: ಪಿಯುಸಿ, ಎರಡು ವರ್ಷಗಳ ಡಿ.ಎಲ್.ಇಡಿ. ಮತ್ತು ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ). ಹಿಂದೆ ಟಿ.ಸಿ.ಎಚ್., ನಂತರ ಡಿ.ಇಡಿ. ಎಂದು ನಾವು ಕರೆಯುತ್ತಿದ್ದ ತರಬೇತಿಯ ಈಗಿನ ಹೆಸರೇ ಡಿ.ಎಲ್.ಇಡಿ.
• 6ರಿಂದ 8ನೇ ತರಗತಿ: ಪದವಿ, ಡಿ.ಎಲ್.ಇಡಿ. ಅಥವಾ ಬಿ.ಇಡಿ. ಮತ್ತು ಟಿಇಟಿ.

ಬಿ.ಇಡಿ. ಪಡೆದವರನ್ನು 1ರಿಂದ 5ನೇ ತರಗತಿಗೆ ನೇಮಿಸಬಹುದೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. 2018ರಲ್ಲಿ ಎನ್‌ಸಿಟಿಇ ಇದಕ್ಕೆ ಅವಕಾಶ ನೀಡಿತ್ತು. 2023ರ ಆಗಸ್ಟ್ 11ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಅಧಿಸೂಚನೆಯನ್ನು ರದ್ದುಪಡಿಸಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇಕಾದ ಬೋಧನಾ ಕ್ರಮವೇ ಬೇರೆ, ಬಿ.ಇಡಿ. ಹೆಚ್ಚಿನ ಪದವಿಯೆಂಬ ಕಾರಣಕ್ಕೆ ಅದು ಈ ತರಗತಿಗಳಿಗೆ ಹೊಂದುವ ಅರ್ಹತೆಯಾಗುವುದಿಲ್ಲ ಎಂಬುದು ತೀರ್ಪಿನ ತಿರುಳು. "ಹೆಚ್ಚು ಓದಿದವರು" ಮತ್ತು "ಅರ್ಹರು" ಎಂಬ ಪದಗಳ ಅರ್ಥ ಕಾನೂನಿನಲ್ಲಿ ಒಂದೇ ಅಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ.

3. ಟಿಇಟಿ: ಅರ್ಹತೆಯೇ ಹೊರತು ನೇಮಕಾತಿಯಲ್ಲ

ಟಿಇಟಿ 150 ಅಂಕಗಳ ಪರೀಕ್ಷೆ. ಪತ್ರಿಕೆ 1 ಕಿರಿಯ ತರಗತಿಗಳಿಗೆ, ಪತ್ರಿಕೆ 2 ಆರರಿಂದ ಎಂಟನೇ ತರಗತಿಗಳಿಗೆ. ಸಾಮಾನ್ಯ ವರ್ಗದವರಿಗೆ ಶೇ. 60 ಅಂಕ ಅಗತ್ಯ. ಮೀಸಲು ವರ್ಗಗಳಿಗೆ ರಾಜ್ಯದ ನೀತಿಯಂತೆ ರಿಯಾಯಿತಿ ಇದೆ. ಮೊದಲು ಏಳು ವರ್ಷ ಮಾತ್ರ ಸಿಂಧುವಾಗಿದ್ದ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರವು 2021ರಲ್ಲಿ ಜೀವಿತಾವಧಿಗೆ ವಿಸ್ತರಿಸಿತು. 2011ರಿಂದ ಉತ್ತೀರ್ಣರಾದವರಿಗೂ ಈ ಸೌಲಭ್ಯ ಅನ್ವಯಿಸುತ್ತದೆ. "ನನ್ನ ಟಿಇಟಿ ಅವಧಿ ಮುಗಿಯಿತು" ಎಂದು ಸುಮ್ಮನಿರುವ ಅಭ್ಯರ್ಥಿಗಳಿಗೆ ಈ ಮಾಹಿತಿ ತಲುಪಬೇಕು.

ಟಿಇಟಿ ಉತ್ತೀರ್ಣತೆಯು ನೇಮಕಾತಿಯ ಹಕ್ಕನ್ನು ನೀಡುವುದಿಲ್ಲ. ಅದು ಸ್ಪರ್ಧೆಗೆ ಪ್ರವೇಶ ಮಾತ್ರ. ಆಯ್ಕೆ ಎಂಬುದು ಅಧಿಸೂಚನೆ, ಸ್ಪರ್ಧಾತ್ಮಕ ಪರೀಕ್ಷೆ, ಮೀಸಲಾತಿ ಮತ್ತು ಆಯ್ಕೆಪಟ್ಟಿಯ ಪ್ರಕ್ರಿಯೆ. ಇದನ್ನು ನಿಯಂತ್ರಿಸುವುದು ವೃಂದ ಮತ್ತು ನೇಮಕಾತಿ ನಿಯಮಗಳು. ನೇಮಕಾತಿ ಆದೇಶ ಬಂದ ನಂತರವೂ ಮೂಲ ದಾಖಲೆಗಳ ನೈಜತೆ ಪರಿಶೀಲನೆ ಮತ್ತು ಖಾಯಂಪೂರ್ವ ಸೇವಾವಧಿ ಇರುತ್ತವೆ. ಹೀಗಾಗಿ "ಟಿಇಟಿ ಆಗಿರುವ ಸ್ಥಳೀಯರನ್ನೇ ಶಿಕ್ಷಕರನ್ನಾಗಿ ನೇಮಿಸಬೇಕು" ಎಂಬ ನಿರ್ಣಯವು ಎಷ್ಟೇ ಸದುದ್ದೇಶದ್ದಾದರೂ ಕಾನೂನುಬದ್ಧವಾಗಿ ನಿಲ್ಲುವುದಿಲ್ಲ. ಬದಲಾಗಿ, ಶಾಲೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂದು ನಮೂದಿಸಿ ಭರ್ತಿಗೆ ಕೋರುವ ನಿರ್ಣಯಕ್ಕೆ ಕಲಂ 25 ಮತ್ತು 26ರ ಬಲವಿದೆ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇ. 10ನ್ನು ಮೀರಬಾರದು. ಚಾರ್ಮಾಡಿ ಘಟ್ಟದ ತಪ್ಪಲಿನಂತಹ ಕಡೆಗಳ ಸಣ್ಣ ಶಾಲೆಗಳ ಪೋಷಕರಿಗೆ ಈ ಎರಡು ಕಲಮುಗಳು ಬಹಳ ಉಪಯುಕ್ತ.

4. ಸಡಿಲಿಕೆ, ವಿನಾಯಿತಿ ಮತ್ತು 2025ರ ತೀರ್ಪು

ಸಡಿಲಿಕೆ ಎಂದರೆ ನಿಯಮವನ್ನು ಸೀಮಿತ ಅವಧಿಗೆ ಹಗುರಗೊಳಿಸುವುದು. ವಿನಾಯಿತಿ ಎಂದರೆ ನಿಯಮದಿಂದಲೇ ಹೊರಗಿಡುವುದು. ಕಲಂ 23ರ ಎರಡನೇ ಉಪಕಲಮಿನಂತೆ ಕನಿಷ್ಠ ಅರ್ಹತೆಯನ್ನು ಸಡಿಲಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ ಇದೆ, ಅದೂ ಅಧಿಸೂಚನೆಯ ಮೂಲಕ ಮತ್ತು ಗರಿಷ್ಠ ಐದು ವರ್ಷಗಳಿಗೆ. ಶಾಲಾ ಆಡಳಿತ ಮಂಡಳಿ, ಎಸ್‌ಡಿಎಂಸಿ ಅಥವಾ ಗ್ರಾಮ ಪಂಚಾಯತ್‌ಗೆ ಈ ಅಧಿಕಾರವಿಲ್ಲ.

2010ರ ಅಧಿಸೂಚನೆಗಿಂತ ಮೊದಲು ನೇಮಕಗೊಂಡ ಶಿಕ್ಷಕರು ತಮಗೆ ಟಿಇಟಿ ಅನ್ವಯಿಸುವುದಿಲ್ಲವೆಂದು ಬಹುಕಾಲ ಭಾವಿಸಿದ್ದರು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಈ ಭಾವನೆಯನ್ನು ಅಲುಗಾಡಿಸಿದೆ. ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವಾವಧಿ ಉಳಿದಿರುವ ಶಿಕ್ಷಕರು ಸೇವೆಯಲ್ಲಿ ಮುಂದುವರಿಯಲು ಎರಡು ವರ್ಷಗಳೊಳಗೆ ಟಿಇಟಿ ಉತ್ತೀರ್ಣರಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿರುವವರು ಟಿಇಟಿ ಇಲ್ಲದೆಯೇ ನಿವೃತ್ತಿವರೆಗೆ ಮುಂದುವರಿಯಬಹುದು, ಆದರೆ ಬಡ್ತಿಗೆ ಅರ್ಹರಲ್ಲ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸುವ ಪ್ರಶ್ನೆಯನ್ನು ಅದೇ ತೀರ್ಪಿನಲ್ಲಿ ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಲಾಗಿದೆ. ಈ ವಿಷಯದಲ್ಲಿ ನ್ಯಾಯಾಲಯ ಮತ್ತು ಇಲಾಖೆ ಮುಂದೆ ಹೊರಡಿಸುವ ಆದೇಶಗಳನ್ನೂ ಸದಸ್ಯರು ಗಮನಿಸುತ್ತಿರಬೇಕು.

ಇದರ ಬಿಸಿ ಗ್ರಾಮದ ಶಾಲೆಗೂ ತಟ್ಟುತ್ತದೆ. ಇಪ್ಪತ್ತು ವರ್ಷ ಒಂದೇ ಶಾಲೆಯಲ್ಲಿ ಕಲಿಸಿ, ತುಳು ಮಾತ್ರ ಬಲ್ಲ ಮಗುವನ್ನು ಕನ್ನಡದ ಅಕ್ಷರಕ್ಕೆ ಕೈಹಿಡಿದು ತಂದ ಶಿಕ್ಷಕಿಯೊಬ್ಬರು ಈಗ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಬಹುದು. ಅವರನ್ನು "ಅನರ್ಹ ಟೀಚರ್" ಎಂದು ಸಭೆಯಲ್ಲಿ ಕರೆಯುವುದು ಅನ್ಯಾಯ, ಕಾನೂನಿನ ದೃಷ್ಟಿಯಿಂದಲೂ ತಪ್ಪು. ಅವರು ನೇಮಕವಾದಾಗ ಜಾರಿಯಲ್ಲಿದ್ದ ನಿಯಮದಂತೆ ಅವರು ಅರ್ಹರೇ. ಈಗ ಸೇರಿರುವುದು ಹೆಚ್ಚುವರಿ ಷರತ್ತು, ಅದನ್ನು ಪೂರೈಸಲು ಕಾಲಾವಕಾಶವನ್ನೂ ನೀಡಲಾಗಿದೆ.

5. ಪ್ರಮಾಣಪತ್ರ ಮತ್ತು ಪರವಾನಗಿ

ವೈದ್ಯರು ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ, ವಕೀಲರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾಗಿರುತ್ತಾರೆ. ವೃತ್ತಿ ದುರ್ನಡತೆ ಸಾಬೀತಾದರೆ ಆ ಪರಿಷತ್ತು ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಬಳಿಕ ಅವರು ಎಲ್ಲಿಯೂ ವೃತ್ತಿ ನಡೆಸುವಂತಿಲ್ಲ. ಇದು ಪರವಾನಗಿ ಪದ್ಧತಿ. ಸ್ಕಾಟ್ಲೆಂಡಿನಲ್ಲಿ ಶಿಕ್ಷಕರಿಗೂ 1965ರಿಂದ ಇಂತಹ ನೋಂದಣಿ ಪರಿಷತ್ತು ಇದೆ. ನಮ್ಮ ದೇಶದಲ್ಲಿ ಶಾಲಾ ಶಿಕ್ಷಕರಿಗೆ ಈ ವ್ಯವಸ್ಥೆ ಇಲ್ಲ. ಬಿ.ಇಡಿ. ಅಥವಾ ಟಿಇಟಿ ಪ್ರಮಾಣಪತ್ರವು ಕಲಿಕೆಯ ದಾಖಲೆ. ಮೋಸದಿಂದ ಪಡೆದದ್ದಲ್ಲದಿದ್ದರೆ ಅದನ್ನು ನಡತೆಯ ಕಾರಣಕ್ಕೆ ಹಿಂಪಡೆಯುವುದಿಲ್ಲ. ಆದುದರಿಂದ "ಸದರಿ ಶಿಕ್ಷಕರ ಸರ್ಟಿಫಿಕೇಟ್ ರದ್ದುಪಡಿಸಬೇಕು" ಎಂಬ ಬೇಡಿಕೆಯನ್ನು ಪರಿಗಣಿಸಲು ಯಾವ ಪ್ರಾಧಿಕಾರವೂ ಇಲ್ಲ. ನಡತೆಯ ದೂರು ಸೇವಾ ನಿಯಮಗಳ ಮೂಲಕವೇ ಸಾಗಬೇಕು.

ಇದೇ ಸಂದರ್ಭದಲ್ಲಿ ವೃತ್ತಿಪರ ಮಾನದಂಡ ಎಂಬ ಪದವನ್ನೂ ತಿಳಿದಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರಿಗೆ ರಾಷ್ಟ್ರೀಯ ವೃತ್ತಿಪರ ಮಾನದಂಡಗಳನ್ನು ರೂಪಿಸಲು ಹಾಗೂ ಪ್ರತಿ ಶಿಕ್ಷಕರು ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿ ತರಬೇತಿ ಪಡೆಯಲು ಸೂಚಿಸಿತು. ನೀತಿ ದಿಕ್ಕನ್ನು ತೋರಿಸುತ್ತದೆ. ಉಲ್ಲಂಘನೆಗೆ ಶಿಕ್ಷೆ ವಿಧಿಸಬೇಕಾದರೆ ಕಾಯ್ದೆ ಅಥವಾ ನಿಯಮದ ಆಧಾರ ಬೇಕು.

6. ಶಾಸನಬದ್ಧ ಕರ್ತವ್ಯ ಮತ್ತು ನಿಷೇಧ

ಶಿಕ್ಷಕರ ನಡತೆಯ ಬಗ್ಗೆ ನಿರ್ಣಯ ಬರೆಯುವಾಗ ಆಧಾರವಾಗಬೇಕಾದ ಕಲಮುಗಳಿವು.

• ಕಲಂ 24: ನಿಯತವಾಗಿ ಮತ್ತು ಸಮಯಕ್ಕೆ ಸರಿಯಾಗಿ ಶಾಲೆಗೆ ಬರುವುದು, ಪಠ್ಯಕ್ರಮವನ್ನು ನಿಗದಿತ ಸಮಯದಲ್ಲಿ ಪೂರ್ಣಗೊಳಿಸುವುದು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಹೆಚ್ಚುವರಿ ಬೋಧನೆ ನೀಡುವುದು, ಪೋಷಕರ ಸಭೆ ನಡೆಸುವುದು.
• ಕಲಂ 17: ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯ ನಿಷೇಧ. ಬೆತ್ತ ಹಿಡಿಯದೆ ಮಗುವನ್ನು ಜಾತಿ, ಬಡತನ, ಭಾಷೆಯ ಹೆಸರಿನಲ್ಲಿ ಹೀಯಾಳಿಸಿದರೂ ಅದು ಮಾನಸಿಕ ಹಿಂಸೆಯೇ.
• ಕಲಂ 28: ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ.
• ಕಲಂ 27: ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯ ಹೊರತುಪಡಿಸಿ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ. ಇದು ನಮಗೂ ಅನ್ವಯಿಸುವ ನಿಷೇಧ. ಪಂಚಾಯತ್‌ನ ಸಮೀಕ್ಷೆ, ಕಾರ್ಯಕ್ರಮಗಳಿಗೆ ಶಾಲಾ ಸಮಯದಲ್ಲಿ ಶಿಕ್ಷಕರನ್ನು ಕರೆಸಿ, ನಂತರ "ಪಾಠ ಆಗಿಲ್ಲ" ಎಂದು ಪ್ರಶ್ನಿಸುವುದು ಸರಿಯಲ್ಲ.

7. ಶಿಸ್ತುಕ್ರಮದ ಪದಗಳು

ಕಾರಣ ಕೇಳುವ ನೋಟಿಸ್: ಆರೋಪದ ಬಗ್ಗೆ ವಿವರಣೆ ಕೇಳುವ ಪತ್ರ. ಇದು ತಪ್ಪಿತಸ್ಥರೆಂಬ ಘೋಷಣೆಯಲ್ಲ.

ಅಮಾನತು: ವಿಚಾರಣೆ ನಡೆಯುವಾಗ ಅಥವಾ ಅದಕ್ಕೆ ಮುನ್ನ ತಾತ್ಕಾಲಿಕವಾಗಿ ಕರ್ತವ್ಯದಿಂದ ದೂರ ಇಡುವುದು. ಇದು ಶಿಕ್ಷೆಯಲ್ಲ, ಈ ಅವಧಿಯಲ್ಲಿ ಜೀವನಾಧಾರ ಭತ್ಯೆ ದೊರೆಯುತ್ತದೆ.

ದೋಷಾರೋಪಣ ಪಟ್ಟಿ ಮತ್ತು ಇಲಾಖಾ ವಿಚಾರಣೆ: ನಿರ್ದಿಷ್ಟ ಆರೋಪಗಳನ್ನು ಬರೆದು, ಸಾಕ್ಷ್ಯ ಪಡೆದು, ನೌಕರರಿಗೆ ಸಮರ್ಥನೆಯ ಅವಕಾಶ ನೀಡುವ ಪ್ರಕ್ರಿಯೆ. ಸರ್ಕಾರಿ ಶಿಕ್ಷಕರಿಗೆ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಅನ್ವಯಿಸುತ್ತವೆ.

ಸೇವೆಯಿಂದ ತೆಗೆದುಹಾಕುವುದು ಮತ್ತು ವಜಾ: ಎರಡರಿಂದಲೂ ಉದ್ಯೋಗ ಹೋಗುತ್ತದೆ. ತೆಗೆದುಹಾಕಲ್ಪಟ್ಟವರು ಮುಂದೆ ಸರ್ಕಾರಿ ಉದ್ಯೋಗಕ್ಕೆ ಅನರ್ಹರಾಗುವುದಿಲ್ಲ; ವಜಾಗೊಂಡವರು ಸಾಮಾನ್ಯವಾಗಿ ಅನರ್ಹರಾಗುತ್ತಾರೆ. ಸಂವಿಧಾನದ 311ನೇ ವಿಧಿಯಂತೆ, ಆ ವಿಧಿಯಲ್ಲೇ ಹೇಳಿರುವ ಕೆಲವು ವಿಶೇಷ ಸಂದರ್ಭಗಳ ಹೊರತು, ವಿಚಾರಣೆಯಿಲ್ಲದೆ ಈ ದಂಡನೆಗಳನ್ನು ವಿಧಿಸುವಂತಿಲ್ಲ. ಖಾಸಗಿ ಶಾಲೆಗಳ ನೌಕರರಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ರಕ್ಷಣೆ ಇದೆ. ಆಡಳಿತ ಮಂಡಳಿಯ ಆದೇಶದ ವಿರುದ್ಧ ಅವರು ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು.

ಸ್ವಾಭಾವಿಕ ನ್ಯಾಯ: ಆರೋಪಿಗೆ ಅಹವಾಲು ಹೇಳಲು ಅವಕಾಶ ಕೊಡಬೇಕು, ದೂರುದಾರನೇ ತೀರ್ಪುಗಾರನಾಗಬಾರದು. ಕಲಂ 24 ಸಹ ಶಿಸ್ತುಕ್ರಮಕ್ಕೆ ಮೊದಲು ಶಿಕ್ಷಕರ ಅಹವಾಲು ಕೇಳುವುದನ್ನು ಕಡ್ಡಾಯಗೊಳಿಸಿದೆ. ಎಷ್ಟೋ ನ್ಯಾಯವಾದ ದೂರುಗಳು ನ್ಯಾಯಾಲಯದಲ್ಲಿ ಬಿದ್ದುಹೋಗುವುದು ಈ ಹಂತ ತಪ್ಪಿದ್ದರಿಂದ.

8. ನಿರ್ಣಯ ಬರೆಯುವ ಕ್ರಮ: ಒಂದು ಉದಾಹರಣೆ

ಶಿಕ್ಷಕರೊಬ್ಬರು ಆಗಾಗ ತಡವಾಗಿ ಬರುತ್ತಾರೆಂದು ಬೀಡಿ ಕಟ್ಟುವ ತಾಯಂದಿರು ಗ್ರಾಮ ಸಭೆಯಲ್ಲಿ ದೂರಿದರೆಂದು ಭಾವಿಸೋಣ.

ಬಾಧ್ಯವಾಗದ ನಿರ್ಣಯ: "ಸದರಿ ಶಿಕ್ಷಕರನ್ನು ಕೂಡಲೇ ವಜಾಗೊಳಿಸಬೇಕೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಪರಿಣಾಮಕಾರಿ ನಿರ್ಣಯ: "ಲಗತ್ತಿಸಿದ ಪಟ್ಟಿಯಲ್ಲಿರುವ ದಿನಾಂಕಗಳಂದು ಶಿಕ್ಷಕರು ನಿಗದಿತ ಸಮಯಕ್ಕೆ ಶಾಲೆಗೆ ಹಾಜರಾಗಿಲ್ಲವೆಂದು ಪೋಷಕರು ಲಿಖಿತ ದೂರು ನೀಡಿರುತ್ತಾರೆ. ಆರ್‌ಟಿಇ ಕಾಯ್ದೆಯ ಕಲಂ 24ರ ಹಿನ್ನೆಲೆಯಲ್ಲಿ ಹಾಜರಾತಿ ದಾಖಲೆಗಳನ್ನು ಪರಿಶೀಲಿಸಿ, ಶಿಕ್ಷಕರ ಅಹವಾಲನ್ನೂ ಕೇಳಿ, ನಿಯಮಾನುಸಾರ ಕ್ರಮ ಕೈಗೊಂಡು ವರದಿ ನೀಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಯವರನ್ನು ಕೋರಲು ನಿರ್ಣಯಿಸಲಾಯಿತು."

ಮೊದಲ ನಿರ್ಣಯ ಪಂಚಾಯತ್‌ಗೆ ಇಲ್ಲದ ಅಧಿಕಾರವನ್ನು ಚಲಾಯಿಸುತ್ತದೆ. ಎರಡನೆಯದು ಇರುವ ಅಧಿಕಾರವನ್ನು ಪೂರ್ಣವಾಗಿ ಬಳಸುತ್ತದೆ. ಅದನ್ನು ಸ್ವೀಕರಿಸಿದ ಅಧಿಕಾರಿ ಉತ್ತರಿಸಲೇಬೇಕಾಗುತ್ತದೆ. ತಡವಾಗಲು ಘಟ್ಟದ ಬುಡಕ್ಕೆ ಬರುವ ಏಕೈಕ ಬಸ್ಸೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂದರೆ, ಪರಿಹಾರವು ಶಿಸ್ತುಕ್ರಮದಲ್ಲಿ ಅಲ್ಲ, ಬಸ್ಸಿನ ವೇಳಾಪಟ್ಟಿಯಲ್ಲಿ ಸಿಗಬಹುದು.

ಕಲಂ 32ರ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಅದನ್ನು ಉಭಯ ಪಕ್ಷಗಳನ್ನೂ ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಬರೆಯಲು ಬಾರದವರು ತುಳು, ಬ್ಯಾರಿ, ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆದು, ಸ್ವೀಕೃತಿ ನೀಡುವುದು ಸದಸ್ಯರು ಮಾಡಬಹುದಾದ ದೊಡ್ಡ ಉಪಕಾರ. ಮೂಗರ್ಜಿಯನ್ನು ಆಧರಿಸಿ ಸಭೆಯಲ್ಲಿ ಶಿಕ್ಷಕರ ಹೆಸರು ಓದಬಾರದು.

9. ರಾಜಿಗೆ ಅವಕಾಶವಿಲ್ಲದ ಪ್ರಕರಣ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಮಾಹಿತಿ ಬಂದಲ್ಲಿ ಮೇಲಿನ ಯಾವ ಕ್ರಮವೂ ಮೊದಲ ಕ್ರಮವಲ್ಲ. 2012ರ ಪೋಕ್ಸೊ ಕಾಯ್ದೆಯ ಕಲಂ 19ರಂತೆ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ವರದಿ ಮಾಡಲೇಬೇಕು. ವರದಿ ಮಾಡದಿರುವುದು ಕಲಂ 21ರಡಿ ಅಪರಾಧ. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. "ಊರಿನ ಮರ್ಯಾದೆ" ಅಥವಾ "ಶಾಲೆಯ ಹೆಸರು" ಎಂಬ ಕಾರಣಕ್ಕೆ ಪಂಚಾಯಿತಿಕೆ ನಡೆಸುವಂತಿಲ್ಲ. ಮಗುವಿನ ಗುರುತು ಬಹಿರಂಗಪಡಿಸುವುದನ್ನು ಕಾಯ್ದೆ ನಿಷೇಧಿಸಿದೆ. ಆದ್ದರಿಂದ ನಡಾವಳಿಯಲ್ಲಿ ಮಗುವಿನ ಹೆಸರು, ಮನೆ, ತರಗತಿ ಯಾವುದನ್ನೂ ನಮೂದಿಸಬಾರದು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಪ್ರತಿ ಶಾಲೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆಸಿರಿ.

10. ನೆನಪಿಡಬೇಕಾದ ಸಾರಾಂಶ

• ಅರ್ಹತೆಯ ಪ್ರಶ್ನೆ: ಎನ್‌ಸಿಟಿಇ ನಿಗದಿಪಡಿಸಿದ ಮಾನದಂಡವನ್ನು ನೋಡಿ.
• ಖಾಲಿ ಹುದ್ದೆಯ ಪ್ರಶ್ನೆ: ಕಲಂ 25 ಮತ್ತು 26 ನಮೂದಿಸಿ ಇಲಾಖೆಗೆ ಬರೆಯಿರಿ.
• ನಡತೆಯ ಪ್ರಶ್ನೆ: ದಿನಾಂಕ, ಘಟನೆ, ಕಲಂ ನಮೂದಿಸಿ ವಿಚಾರಣೆ ಕೋರಿರಿ, ಶಿಕ್ಷೆಯನ್ನು ಸೂಚಿಸಬೇಡಿ.
• ದೌರ್ಜನ್ಯದ ಮಾಹಿತಿ: ತಕ್ಷಣ ಪೊಲೀಸರಿಗೆ ತಿಳಿಸಿರಿ.
• ಶಿಕ್ಷಕರ ಕುಂದುಕೊರತೆ: ಅದನ್ನೂ ಆಲಿಸಿ, ದಾಖಲಿಸಿ. ಕಲಂ 24 ಅದಕ್ಕೂ ಅವಕಾಶ ನೀಡಿದೆ.

ಶಾಲೆ ಊರಿನದು, ಶಿಕ್ಷಕರು ಊರಿನ ನಂಬಿಕೆಯ ಮೇಲೆ ಕೆಲಸ ಮಾಡುವವರು. ಮಗುವಿಗೆ ಅರ್ಹ ಶಿಕ್ಷಕರನ್ನು ದೊರಕಿಸುವುದೂ, ಶಿಕ್ಷಕರಿಗೆ ನ್ಯಾಯಯುತ ವಿಚಾರಣೆ ದೊರಕಿಸುವುದೂ ಒಂದೇ ಕಾನೂನಿನ ಎರಡು ಹೊಣೆಗಳು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಲೇಖನವನ್ನು ಓದಿ ಚರ್ಚಿಸಿ, ಪ್ರತಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೂ ತಲುಪಿಸಬೇಕೆಂದು ಕೋರಲಾಗಿದೆ.